ಊರಿಗೊಂದು ತೋಪು

ಹತ್ತಾರು ಮನೆಯವರು ಸೇರಿ, ಎಲ್ಲರಿಗೂ ಸೇರಿದ ಒಂದು ಜಾಗದಲ್ಲಿ ಆ ನೆಲದ್ದೇ ಗಿಡಮರಗಳನ್ನು ನೆಟ್ಟು ಸಾಕುವ ಹುರುಪು ಈಚೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ಹೆಚ್ಚಿದೆ. ಸಂತೋಷ. ಅದು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೂ ಬರಬೇಕು. ಆದರೆ ಈ ಸೀಮೆಯ ಹಿರಿಯರ ಮುಂದೆ ಈ ಮಾತು ಎತ್ತಿ ನೋಡಿ. ‘ತೋಪು ಮಾಡೋದು ತಾನೇ? ಅದು ನಮ್ಮ ಮುತ್ತಾತನ ಕಾಲದಿಂದ್ಲೂ ಐತಲ್ಲಪ್ಪ’ ಎನ್ನುತ್ತಾರೆ. ನಿಜವೇ. ಊರ ಹೊರಗಿನ ಗುಂಡುತೋಪಿನಲ್ಲಿ ಮಾವು, ಹುಣಸೆ, ಹೊಂಗೆ, ಹಿಪ್ಪೆ, ನೇರಳೆ, ಆಲ, ಅರಳಿ ಇರುತ್ತಿದ್ದವು. ಸಂತೆಗೆ ಹೊರಟ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ ದಣಿವಾರಿಸಿಕೊಳ್ಳುತ್ತಿದ್ದರು, ಜಾತ್ರೆಗೆ ಬಂದವರು ಒಲೆ ಹೂಡುತ್ತಿದ್ದರು. ಹೊಂಗೆಸೊಪ್ಪು ಗದ್ದೆಗೆ, ಹೊಂಗೆಬೀಜ ಗಾಣಕ್ಕೆ, ಹಿಪ್ಪೆಹೂವು ರಾತ್ರಿ ಬರುವ ಬಾವಲಿಗಳಿಗೆ. ಕಂದಾಯ ದಾಖಲೆಗಳಲ್ಲಿ ಗುಂಡುತೋಪು ಇಂದಿಗೂ ಇದೆ. ನೆಲದ ಮೇಲೆ ಎಷ್ಟೋ ಕಡೆ ಒಂದು ಮರವೂ ಇಲ್ಲ.

ಮರ ಸಾಕುವ ಮಾತು ಬಂದ ಮೇಲೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಹೋಗದೆ ಇರಲಾಗದು. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಈ 385ನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಶುರು ಮಾಡಿದ ಸಂಖ್ಯೆ. ಮೊದಲ ವರ್ಷ 10 ಸಸಿ, ಮರುವರ್ಷ 15, ಮೂರನೆಯ ವರ್ಷ 20. ಕೂಲಿ ಮಾಡಿ ಬದುಕುತ್ತಿದ್ದ ಗಂಡಹೆಂಡತಿ, ತಮ್ಮ ತಲೆ ಮತ್ತು ಹೆಗಲು ಎಷ್ಟು ಕೊಡ ನೀರು ಹೊರಬಲ್ಲವೋ ಅಷ್ಟೇ ಸಸಿ ನೆಟ್ಟರು. ಮಳೆಗಾಲ ನೋಡಿ ನೆಟ್ಟರು, ದನ ಮೇಯದಂತೆ ಮುಳ್ಳು ಕಟ್ಟಿದರು, ಬೇಸಿಗೆಯಲ್ಲಿ ಮೈಲಿಗಟ್ಟಲೆ ನೀರು ಹೊತ್ತರು. ಗಿಡ ಬೆಳೆಸುವ ಶಾಸ್ತ್ರವೆಲ್ಲ ಇಷ್ಟರಲ್ಲೇ ಮುಗಿಯಿತು. 2019ರಲ್ಲೇ ರಸ್ತೆ ಅಗಲ ಮಾಡುವ ಯೋಜನೆಗೆ ಆ ಸಾಲು ಬಲಿಯಾಗುವ ಭಯ ಬಂದಾಗ ತಿಮ್ಮಕ್ಕ ಆ ಇಳಿವಯಸ್ಸಿನಲ್ಲೂ ಮುಖ್ಯಮಂತ್ರಿಗೆ ಮನವಿ ಮಾಡಿ ಮರ ಉಳಿಸಿಕೊಳ್ಳಲು ನಿಂತರು. ಸಾಕಿದವರಿಗಷ್ಟೇ ಆ ಸಂಕಟ ಗೊತ್ತು.

ಯಾವ ಗಿಡ ನೆಡಬೇಕು ಎಂಬುದಕ್ಕೆ ನಮ್ಮ ಊರುಗಳೇ ಉತ್ತರ ಇಟ್ಟುಕೊಂಡಿವೆ. ಚನ್ನಪಟ್ಟಣದ ಗೊಂಬೆ ಹುಟ್ಟಿದ್ದೇ ಹಾಲೆ ಮರದಿಂದ. ಆಲೆಮರ ಎಂದೂ ಕರೆಯುತ್ತಾರೆ. ಎಲೆ ಮುರಿದರೆ ಹಾಲು, ಬಿಳಿ ಹೂವು, ಜೋಡಿಯಾಗಿ ಇಳಿಬಿದ್ದ ಉದ್ದನೆ ಕಾಯಿ. ಒಳಗಿನ ಮರ ದಂತದಷ್ಟು ಬಿಳಿ, ನುಣುಪು. ಪಟ್ಟಡೆಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದರೆ ಹೊಳೆಯುತ್ತದೆ. ಈಗ ರಬ್ಬರ್ ಮರದಲ್ಲೂ ಗೊಂಬೆ ಮಾಡುತ್ತಾರೆ. ಆಟಿಕೆಯಿಂದಲೇ ಹೆಸರಾದ ಊರಿನ ಮಕ್ಕಳು ಆ ಮರವನ್ನು ಗುರುತು ಹಿಡಿಯುವಂತಾಗಬೇಡವೇ? ಚನ್ನಪಟ್ಟಣದ ಒಂದೊಂದು ಶಾಲೆಯ ಅಂಗಳದಲ್ಲೂ ಒಂದು ಹಾಲೆ ಮರ ಇರಲಿ ಎಂಬುದು ನನ್ನ ಆಸೆ.

ಕನಕಪುರದವರಿಗೆ ಸಂಗಮದ ಕಡೆಯ ಕಾಡೇ ಪಾಠ. ಕಾವೇರಿ ದಡದಲ್ಲಿ ಬಿಳಿಯ ಕಾಂಡದ ಹೊಳೆಮತ್ತಿ, ಒಣಗುಡ್ಡದಲ್ಲಿ ಕಮರ. ಹೊಳೆದಡಕ್ಕೆ ಹೊಳೆಮತ್ತಿ, ಕಲ್ಲುನೆಲಕ್ಕೆ ಕಮರ ಎಂದು ಕಾಡು ತಾನೇ ಹಂಚಿಟ್ಟಿದೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಆ ಬಂಡೆಗಳ ಬುಡದಲ್ಲೂ, ಮಾಗಡಿಯ ಸಾವನದುರ್ಗದಲ್ಲೂ ಬೆಳೆಯುವ ಕುರುಚಲು ಗಿಡಗಳಿಗೆ ನಮ್ಮ ಬಿಸಿಲು, ನಮ್ಮ ಮಣ್ಣು ಒಗ್ಗಿಹೋಗಿದೆ. ಒಂದು ಮಾತು: ಧಾಮದೊಳಗಿಂದ, ಮೀಸಲು ಅರಣ್ಯದಿಂದ ಸಸಿ ಕೀಳಬಾರದು. ಅರಣ್ಯ ಇಲಾಖೆಯ ನರ್ಸರಿ ಇದೆ, ರಸ್ತೆಬದಿ ಮತ್ತು ಹೊಲದ ಬದುವಿನ ಮರಗಳ ಬೀಜ ಇದೆ.

ಮರಗಳ ಅಂದ ಎಂದರೆ ಬೆಂಗಳೂರಿನವರು ಕ್ರುಂಬಿಗಲ್ ಅವರನ್ನು ನೆನೆಯುತ್ತಾರೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಆ ಜರ್ಮನ್ ತೋಟಗಾರ, ಒಂದು ಜಾತಿ ಹೂವು ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಮರ ಆರಿಸಿದವರು. ಆ ರಸ್ತೆಗಳ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು. ಕಣ್ಣಿಗೆ ಹಬ್ಬವೇ. ಆದರೆ ಚಿಟ್ಟೆಯ ಹುಳು ಹೂವಿನ ಬಣ್ಣ ತಿಂದು ಬದುಕುವುದಿಲ್ಲ, ತನ್ನ ವಂಶಕ್ಕೆ ಒಗ್ಗಿದ ಎಲೆಯನ್ನೇ ಹುಡುಕುತ್ತದೆ. ಎಕ್ಕದ ಎಲೆಗೆ ಒಂದು ಚಿಟ್ಟೆ, ಕಕ್ಕೆಯ ಎಲೆಗೆ ಇನ್ನೊಂದು, ಈಶ್ವರಿ ಬಳ್ಳಿಗೆ ಮತ್ತೊಂದು. ಆಲಕ್ಕೆ ಆಲದ್ದೇ ಕಣಜ, ಅರಳಿಗೆ ಅರಳಿಯದೇ. ಆ ಪುಟ್ಟ ಕಣಜ ಒಳಹೊಗದೆ ಹಣ್ಣಿನಲ್ಲಿ ಬೀಜ ಕಟ್ಟದು. ಊರಿನ ಗಿಡ ಹೋದರೆ ಅದನ್ನು ನಂಬಿದ ಸಂಸಾರವೂ ಹೋಗುತ್ತದೆ.

ಹಾಗೆಂದು ತೋಪು ಬರೀ ಮರಗಳದ್ದಾಗಬೇಕಿಲ್ಲ. ಗಣೇಶನ ಹಬ್ಬಕ್ಕೆ 21 ಬಗೆಯ ಪತ್ರೆ ಏರಿಸುತ್ತೇವಲ್ಲ, ಅದರಲ್ಲಿ ಬಿಲ್ವ, ಬನ್ನಿ, ಎಕ್ಕ, ಉತ್ತರಾಣಿ, ಅರಳಿ, ಮತ್ತಿ, ಬೋರೆ (ಸಂಕ್ರಾಂತಿಗೆ ಮಕ್ಕಳ ತಲೆಗೆ ಎರೆಯುವ ಎಲಚಿ ಇದೇ), ಗರಿಕೆ, ವಿಷ್ಣುಕ್ರಾಂತಿ ಎಲ್ಲ ಇವೆ. ಮರ, ಪೊದೆ, ನೆಲಕ್ಕಂಟುವ ಗಿಡ, ಹುಲ್ಲು ಸಾಕಷ್ಟು ಬಂದವು. ಅದಕ್ಕೆ ಯುಗಾದಿಯ ಬೇವು, ಶಿವನಿಗೆ ಪ್ರಿಯವಾದ ತುಂಬೆ, ಬೇಲಿಗೆ ಕವಳೆ, ತಂಗಡಿ ಸೇರಿಸಿ. ಹಬ್ಬದ ಹಿಂದಿನ ದಿನ ಬಸ್‌ ನಿಲ್ದಾಣದ ಬಳಿ ಕಟ್ಟು ಕೊಳ್ಳುವ ಬದಲು, ಮಕ್ಕಳ ಕೈ ಹಿಡಿದು ತೋಪಿಗೆ ಹೋಗಿ ಅಜ್ಜಿಯಿಂದ ಒಂದೊಂದರ ಗುರುತು ಕೇಳಬಹುದು. ‘ಇದು ಯಾವುದು ಅಜ್ಜಿ?’ ಎಂದು ಕೇಳುವ ಮಗು ಇರುವವರೆಗೆ ಆ ಗಿಡವನ್ನು ಯಾರೂ ಕಳೆ ಎಂದು ಕಿತ್ತು ಬಿಸಾಡುವುದಿಲ್ಲ.

ಕೆಲಸಕ್ಕೆ ಇಳಿಯುವವರಿಗೆ ನಾಲ್ಕು ಮಾತು. ಮೊದಲು ಜಾಗ ಯಾರದೆಂದು ತಿಳಿದು, ನಗರಸಭೆಯದೋ ಪುರಸಭೆಯದೋ ಒಪ್ಪಿಗೆ ಪಡೆಯಿರಿ. ಲಾಂಟಾನ, ಕಾಂಗ್ರೆಸ್ ಗಿಡ ಬೇರು ಸಹಿತ ತೆಗೆಯಿರಿ. ಹಿಪ್ಪೆ, ಬೇವಿನ ಬೀಜ ಬಹಳ ದಿನ ಬಾಳವು, ಹಣ್ಣು ಉದುರಿದ ಕೂಡಲೇ ಬಿತ್ತಬೇಕು. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ನೆನೆಸದೆ ಬೇಗ ಮೊಳೆಯದು. ಬೇಸಿಗೆಯಲ್ಲೇ ಗುಂಡಿ ತೋಡಿಟ್ಟು ಮುಂಗಾರು ಹಿಡಿದ ಮೇಲೆ ನೆಡಿ. ಬುಡಕ್ಕೆ ತರಗೆಲೆ ಹಾಸಿ, ಅದಕ್ಕೆ ಬೆಂಕಿ ಇಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಮೂರು ಬೇಸಿಗೆಗೆ ನೀರಿನ ಪಾಳಿ ಬರೆದಿಟ್ಟ ಮೇಲೆಯೇ ಸಸಿ ತನ್ನಿ.

ಒಂದೇ ದಿನ ಸಾವಿರ ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಮರೆಯುವ ವನಮಹೋತ್ಸವ ನಮಗೆ ಬೇಡ. ನಿಮ್ಮ ಬೀದಿಯವರು ಈ ಮುಂಗಾರಿಗೆ 10 ಸಸಿ ನೆಡಿ, ಹತ್ತನ್ನೂ ಉಳಿಸಿ. ಮುಂದಿನ ವರ್ಷ 15 ಆಗಲಿ.