ಧನುರ್ಮಾಸವೂ ಸೋಮನಾಥಪುರವೂ

ಮಾರ್ಗಶಿರವು ಕಳೆದು ಪುಷ್ಯವು ಕಾಲಿಡುವ ವೇಳೆಗೆ ನಮ್ಮ ಮೈಸೂರು ಸೀಮೆಯಲ್ಲಿ ಚಳಿಯು ತಕ್ಕಮಟ್ಟಿಗೆ ಬಲಿತಿರುತ್ತದೆ. ಹಿಮ ಬೀಳುವ ನಾಡಿನವರು ಇದನ್ನು ಚಳಿಯೆಂದು ಒಪ್ಪಲಾರರು. ಆದರೆ ಬೆಳಗಿನ ಜಾವದ ಉಷ್ಣಮಾನವು 15–16 ಡಿಗ್ರಿಗೆ ಇಳಿದರೆ ಸಾಕು, ನಾವು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಳ್ಳುವವರು. ಹಾಗಿದ್ದೂ ಗೃಹಸ್ಥರ ಮನೆಗಳಲ್ಲಿ ಈ ಕಾಲದಲ್ಲಿ ನಡೆಯುವಷ್ಟು ಕೆಲಸವು ವರ್ಷದ ಬೇರೆ ಯಾವ ಕಾಲದಲ್ಲಿಯೂ ನಡೆಯುವುದಿಲ್ಲವೆಂದು ನನ್ನ ಅಭಿಪ್ರಾಯ. ಅದರಲ್ಲಿಯೂ ಮಕ್ಕಳ ಕೈಗೆ ಕೊಡಬಹುದಾದ ಕೆಲಸಗಳೇ ಹೆಚ್ಚು.

ಸೂರ್ಯನು ಧನೂರಾಶಿಯಲ್ಲಿರುವ ತಿಂಗಳು ಧನುರ್ಮಾಸವಷ್ಟೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ನಕ್ಷತ್ರಗಳು ಕಾಣುತ್ತಿರುವಾಗಲೇ ಪೂಜೆಯಾಗಿ ಹುಗ್ಗಿಯ ನೈವೇದ್ಯವಾಗಬೇಕು. ನಮ್ಮ ಮನೆಯಲ್ಲಿ ಅತ್ತೆಯವರು ಎಪ್ಪತ್ತು ದಾಟಿದ್ದರೂ ಈ ನೇಮವನ್ನು ಬಿಟ್ಟವರಲ್ಲ. ಮಕ್ಕಳನ್ನು ಏಳಿಸಲು ನಾನು ವರ್ಷವಿಡೀ ಪಡುವ ಪಾಡನ್ನು ಇಲ್ಲಿ ಬರೆದರೆ ಪತ್ರಿಕೆಯ ಪುಟಗಳು ಸಾಲವು. ಈ ಒಂದು ತಿಂಗಳು ಮಾತ್ರ ತುಪ್ಪದಲ್ಲಿ ಹುರಿದ ಹೆಸರುಬೇಳೆ, ಮೆಣಸು, ಜೀರಿಗೆಗಳ ಪರಿಮಳವೇ ಆ ಕೆಲಸವನ್ನು ಮಾಡುತ್ತದೆ.

ಹುಗ್ಗಿಯ ತರುವಾಯ ಅವರೆಕಾಯಿಯ ಸರದಿ. ಇಬ್ಬನಿ ಬಿದ್ದ ಮೇಲೆ ಅವರೆಗೆ ಬರುವ ಸೊಗಡನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗೆ ವಿವರಿಸಿ ಪ್ರಯೋಜನವಿಲ್ಲ. ಸಂಜೆ ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಎರಡು ಬೆರಳಿನ ನಡುವೆ ಹಿಸುಕಿದರೆ ಬೇಳೆಯು ಚಿಮ್ಮಿ ಬರುತ್ತದೆ. ಎಂಟು ವರ್ಷದ ನನ್ನ ಮಗನು ಅದನ್ನು ತಂಗಿಯ ಮುಖಕ್ಕೆ ಗುರಿಯಿಟ್ಟು ಚಿಮ್ಮಿಸುವುದನ್ನು ಎಷ್ಟು ಹೇಳಿದರೂ ಬಿಟ್ಟಿಲ್ಲ. ಆದರೂ ಒಂದು ಸೇರು ಕಾಳು ಹಿದುಕಿ ಮುಗಿಯುವುದರೊಳಗೆ ಮನೆಮಂದಿಯೆಲ್ಲ ಒಂದೆಡೆ ಕುಳಿತು ಒಂದು ತಾಸು ಮಾತನಾಡಿರುತ್ತೇವೆ. ಈಗಿನ ಕಾಲದಲ್ಲಿ ಅದೇನು ಸಣ್ಣ ಲಾಭವೇ?

ಇವೆಲ್ಲಕ್ಕಿಂತ ದೊಡ್ಡ ಕೆಲಸವು ಸಂಕ್ರಾಂತಿಯ ಎಳ್ಳು. ಕೊಬ್ಬರಿಯ ಕಪ್ಪನ್ನು ಹೆರೆದು ಸಣ್ಣಗೆ ಹೆಚ್ಚುವುದು, ಬೆಲ್ಲವನ್ನು ಹಾಗೆಯೇ ಹೆಚ್ಚಿ ಒಣಗಿಸುವುದು, ಕಡಲೆಕಾಯಿ ಬೀಜವನ್ನು ಹುರಿದು ಸಿಪ್ಪೆ ತೆಗೆಯುವುದು, ಬಿಳಿ ಎಳ್ಳನ್ನು ಹದವಾಗಿ ಹುರಿಯುವುದು, ಹೀಗೆ ಹತ್ತು ದಿನದ ಕೆಲಸ. ಇದೆಲ್ಲವೂ ಈಗ ಪೊಟ್ಟಣದಲ್ಲಿ ಸಿದ್ಧವಾಗಿ ಸಿಗುತ್ತದೆ. ಕೊಳ್ಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಸಕ್ಕರೆ ಅಚ್ಚನ್ನು ಮಾತ್ರ ವರ್ಷಕ್ಕೊಮ್ಮೆಯಾದರೂ ಮಕ್ಕಳ ಕಣ್ಣೆದುರಿಗೆ ಮನೆಯಲ್ಲಿಯೇ ಮಾಡಬೇಕೆಂದು ಹೇಳುತ್ತೇನೆ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಯಿಟ್ಟು, ಎರಡು ಹೋಳುಗಳನ್ನೂ ಜೋಡಿಸಿ ಬಿಗಿಯಾಗಿ ಕಟ್ಟಬೇಕು. ಸಕ್ಕರೆಯ ಪಾಕಕ್ಕೆ ಹಾಲೆರೆದು ಮೇಲೆ ಬಂದ ಕಲ್ಮಷವನ್ನು ತೆಗೆದು ಸೋಸಬೇಕು. ಬಳಿಕ ಸ್ವಲ್ಪ ಸ್ವಲ್ಪವಾಗಿ ಕಾಯಿಸಿ, ಸೌಟಿನಿಂದ ತಿಕ್ಕುತ್ತಿದ್ದು, ಬೆಳ್ಳಗೆ ತಿರುಗಿದೊಡನೆಯೇ ಅಚ್ಚಿಗೆ ಹೊಯ್ಯಬೇಕು. ಒಂದು ಕ್ಷಣ ತಡವಾದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಹದ ಬರುವ ಮುಂಚೆ ಹೊಯ್ದರೆ ಅಚ್ಚಿಗೆ ಅಂಟಿ, ಬಿಡಿಸುವಾಗ ಆನೆಯ ಸೊಂಡಿಲೋ ಗಿಳಿಯ ಕೊಕ್ಕೋ ಮುರಿದು ಬರುತ್ತದೆ. ಮುರಿದದ್ದು ತಟ್ಟೆಗೆ ಸಲ್ಲದು. ಅದು ಮಕ್ಕಳ ಪಾಲು. ಈ ನಿಯಮದಿಂದಾಗಿ, ಹತ್ತಿರ ನಿಂತ ಮಕ್ಕಳು ಪ್ರತಿಯೊಂದು ಅಚ್ಚೂ ಮುರಿಯಲೆಂದು ಒಳಗೊಳಗೇ ಹಾರೈಸುತ್ತಿರುತ್ತಾರೆ.

ಈ ಸಲ ಅಚ್ಚು ಹೊಯ್ಯುತ್ತಿರುವಾಗಲೇ ಪ್ರವಾಸದ ಮಾತು ಬಂದಿತು. ಮುಂದಿನ ಭಾನುವಾರ ಮಕ್ಕಳಿಗೆ ಸೋಮನಾಥಪುರವನ್ನು ತೋರಿಸಿಕೊಂಡು ಬರೋಣವೆಂದು ಯಜಮಾನರು ಹೇಳಿದರು. ಅತ್ತೆಯವರು ಸೌಟನ್ನು ಕೆಳಗಿಟ್ಟರು.

“ಅಲ್ಲಪ್ಪ, ಧನುರ್ಮಾಸದಲ್ಲಿ ದೇವಸ್ಥಾನಕ್ಕೆ ಹೋಗುವುದಾದರೆ ದೀಪ ಬೆಳಗುವ ಕಡೆ ಹೋಗಬೇಕು. ಅಲ್ಲಿ ಪೂಜೆಯಿಲ್ಲ, ನೈವೇದ್ಯವಿಲ್ಲ. ಭಿನ್ನವಾದ ಮೂರ್ತಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವುದೇ? ನೀವು ಹೋಗಿ ಬನ್ನಿ, ನಾನು ಬರುವುದಿಲ್ಲ.”

ಇದು ಸುಮ್ಮನೆ ಆಡಿದ ಮಾತಲ್ಲವೆಂದು ನಮಗೆಲ್ಲರಿಗೂ ಗೊತ್ತಿತ್ತು. ಭಿನ್ನವಾದ ವಿಗ್ರಹವು ಪೂಜೆಗೆ ಸಲ್ಲದೆಂಬುದು ಅವರು ಬಾಲ್ಯದಿಂದ ನಂಬಿ ನಡೆದುಕೊಂಡು ಬಂದ ವಿಷಯ. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಈಗೀಗ ಅವರ ಮೊಣಕಾಲಿನ ನೋವು ಹೆಚ್ಚುತ್ತಿದ್ದು, ಬರುವ ವರ್ಷ ಇಂತಹ ಪ್ರಯಾಣವು ಸಾಧ್ಯವಾದೀತೆಂದು ಹೇಳುವಂತಿರಲಿಲ್ಲ. ಬಲವಂತ ಮಾಡುವುದೂ ತರವಲ್ಲ. ಯಜಮಾನರು ಸುಮ್ಮನಾದರು. ಅಷ್ಟರಲ್ಲಿ, ಸೊಂಡಿಲಿಲ್ಲದ ಆನೆಯೊಂದನ್ನು ಬಾಯಲ್ಲಿಟ್ಟುಕೊಂಡಿದ್ದ ನನ್ನ ಮಗನು, “ಅಜ್ಜಿ, ಮುರಿದರೂ ಇದು ಸಿಹಿಯಾಗಿಯೇ ಇದೆಯಲ್ಲ!” ಎಂದನು. ಅವನು ಸೋಮನಾಥಪುರವನ್ನು ಮನಸ್ಸಿನಲ್ಲಿಟ್ಟು ಹೇಳಿದನೋ, ಸಕ್ಕರೆಯನ್ನೋ, ನಾನು ಕೇಳಲಿಲ್ಲ. ಅತ್ತೆಯವರಿಗೆ ನಗೆ ಬಂದಿತು. ಸೋಮನಾಥಪುರದಿಂದ ಮುಂದೆ ತಿರುಮಕೂಡಲು ನರಸೀಪುರಕ್ಕೆ ಹೋಗಿ ಸ್ವಾಮಿಯ ದರ್ಶನವನ್ನು ಮಾಡಿಸುವುದಾದರೆ ಬರುವುದಾಗಿ ಒಪ್ಪಿದರು.

ಮೈಸೂರಿನಿಂದ ಸೋಮನಾಥಪುರಕ್ಕೆ ಬನ್ನೂರಿನ ಮೇಲೆ ಸುಮಾರು 35 ಕಿಲೋಮೀಟರು. ಬಾಡಿಗೆಯ ಮೋಟಾರಿನಲ್ಲಿ ಎಂಟು ಗಂಟೆಗೆ ಹೊರಟೆವು. ನಗರವನ್ನು ದಾಟಿದ ಮೇಲೆ ಮಂಜು ಇನ್ನೂ ಗದ್ದೆಗಳ ಮೇಲೆ ಮಲಗಿತ್ತು. ಸುಗ್ಗಿಯ ಕಾಲವಾದುದರಿಂದ ಕೆಲವೆಡೆ ಭತ್ತದ ಕುಯಿಲು ಮುಗಿದು ಹುಲ್ಲಿನ ಮೆದೆಗಳೆದ್ದಿದ್ದವು. ಕೆಲವೆಡೆ ಕಬ್ಬು ಆಳೆತ್ತರ ನಿಂತಿತ್ತು. ಹಳ್ಳಿಗರು ಹುರುಳಿಯ ಗಿಡಗಳನ್ನು ಕಿತ್ತು ತಂದು ರಸ್ತೆಯ ಮೇಲೆಯೇ ಹರಡಿದ್ದರು. ಹೋಗಿಬರುವ ವಾಹನಗಳು ಅದನ್ನು ತುಳಿದು ಕಾಳು ಬಿಡಿಸಿಕೊಡುತ್ತವೆ. ಸಾರಥಿಯು ಗೊಣಗಿದನು, ಮಕ್ಕಳಿಗೆ ಮಾತ್ರ ಮೋಟಾರೇ ಎತ್ತಾಗಿ ಕಣ ತುಳಿಯುವುದನ್ನು ಕಂಡು ಹಿಡಿಸಲಾರದಷ್ಟು ಸಂತೋಷ. ಕಾವೇರಿಯನ್ನು ದಾಟುವಾಗ ಅತ್ತೆಯವರು ಗಾಡಿಯನ್ನು ನಿಲ್ಲಿಸಲು ಹೇಳಿ, ಕಿಟಕಿಯಿಂದಲೇ ಕೈಮುಗಿದರು.

ಸೋಮನಾಥಪುರವು ಕಾವೇರಿಯ ಎಡದಂಡೆಯ ಒಂದು ಚಿಕ್ಕ ಗ್ರಾಮ. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ ಅವನ ದಂಡನಾಯಕ ಸೋಮನಾಥನು ಇಲ್ಲಿ ಅಗ್ರಹಾರವನ್ನು ಮಾಡಿ, ತನ್ನ ಹೆಸರನ್ನೇ ಊರಿಗಿಟ್ಟು, ಕೇಶವ ದೇವಾಲಯವನ್ನು ಕಟ್ಟಿಸಿದನು. ಅದು ಪೂರ್ಣವಾದ ವರ್ಷವು 1258 ಎಂದು ಕೆಲವರೂ 1268 ಎಂದು ಕೆಲವರೂ ಹೇಳುತ್ತಾರೆ. ಬೇಲೂರು, ಹಳೇಬೀಡುಗಳೊಡನೆ ಇದೂ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಹೊರಗಿನಿಂದ ನೋಡಿದರೆ ಗೋಡೆಯೂ ಮಹಾದ್ವಾರವೂ ಮಾತ್ರ ಕಾಣುತ್ತವೆ. ಬಾಗಿಲ ಬಳಿಯ ಎತ್ತರವಾದ ಶಿಲಾಶಾಸನವನ್ನು ದಾಟಿ ಒಳಗೆ ಕಾಲಿಟ್ಟ ಮೇಲೆಯೇ ಅಂಗಳದ ನಡುವೆ ದೇವಾಲಯವು ಒಮ್ಮೆಗೇ ಕಣ್ಣಿಗೆ ಬೀಳುವುದು. ಅಂಗಳದ ಸುತ್ತಲೂ ಕಂಬಗಳ ಕೈಸಾಲೆ, ಅದರಲ್ಲಿ 64 ಚಿಕ್ಕ ಗುಡಿಗಳು, ಎಲ್ಲವೂ ಬರಿದು. ಅತ್ತೆಯವರು ಆ ಬರಿದಾದ ಗುಡಿಗಳನ್ನು ನೋಡಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು, ಏನೂ ಹೇಳಲಿಲ್ಲ.

ದೇವಾಲಯವು ನಕ್ಷತ್ರದ ಆಕಾರದ ಜಗತಿಯ ಮೇಲೆ ನಿಂತಿದೆ. ಮೂರು ಗರ್ಭಗುಡಿಗಳು, ಅವುಗಳ ಮೇಲೆ ಹದಿನಾರು ಮೊನೆಗಳ ನಕ್ಷತ್ರದಂತೆ ಸುತ್ತಿ ಏರಿದ ಮೂರು ಗೋಪುರಗಳು. ಜಗತಿಯನ್ನು ಹತ್ತಿ ಬಲಕ್ಕೆ ಪ್ರದಕ್ಷಿಣೆ ಹೊರಟರೆ ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಗಳು: ಆನೆಯ ಸಾಲು, ಕುದುರೆ ಸವಾರರ ಸಾಲು, ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಮತ್ತೆ ಮಕರ, ಹಂಸ. ದಕ್ಷಿಣದಲ್ಲಿ ರಾಮಾಯಣ, ಹಿಂಭಾಗದಲ್ಲಿ ಭಾಗವತ, ಉತ್ತರದಲ್ಲಿ ಭಾರತ. ಕಥೆಯ ಪಟ್ಟಿಯು ಮಕ್ಕಳ ಕಣ್ಣಿಗೆ ಚೆನ್ನಾಗಿ ನಿಲುಕುತ್ತದೆ. ನಾವು ದೊಡ್ಡವರು ಮೇಲಿನ ದೊಡ್ಡ ವಿಗ್ರಹಗಳನ್ನೇ ನೋಡುತ್ತ ಮುಂದೆ ಹೋಗುತ್ತೇವೆ.

ಯಜಮಾನರು ಒಂದು ಪುಸ್ತಕವನ್ನು ತಂದಿದ್ದರು. ನಾಲ್ಕು ಹೆಜ್ಜೆ ಓದಿ ವಿವರಿಸಿದರು, ಮಕ್ಕಳು ಆಕಳಿಸಿದರು. ಆಗ ಹಿಂದಿನಿಂದ ನಿಧಾನವಾಗಿ ಬರುತ್ತಿದ್ದ ಅತ್ತೆಯವರು ಗೋಡೆಯ ಮುಂದೆ ನಿಂತು, “ಇದೇನು, ಇವರು ಯಾಗ ಮಾಡುತ್ತಿದ್ದಾರೆ! ದಶರಥನಲ್ಲವೇ?” ಎಂದರು. ಅಲ್ಲಿಂದ ಮುಂದೆ ಪುಸ್ತಕದ ಅಗತ್ಯವು ಬೀಳಲಿಲ್ಲ. ಅಕ್ಷರ ಕಲಿಯುವ ಮುಂಚೆಯೇ ಕಥೆಯನ್ನು ಕೇಳಿ ಬಲ್ಲವರು ಅವರು. ಕಲ್ಲಿನವನೂ ಅಂಥವರಿಗಾಗಿಯೇ ಕೆತ್ತಿದನೆಂದು ತೋರುತ್ತದೆ. ಒಂದೊಂದು ಗೇಣಿಗೆ ಒಂದೊಂದು ಪ್ರಸಂಗ. ವಾನರಸೈನ್ಯದ ಬಳಿ ಮಗನು ನೆಲಕ್ಕೆ ಕುಳಿತವನು ಏಳಲೊಲ್ಲ. ಭಾಗವತದ ಗೋಡೆಯ ಬಳಿಗೆ ಬರುವಷ್ಟರಲ್ಲಿ, ಯಾರೋ ಇನ್ನೂ ಇಬ್ಬರು ಅಪರಿಚಿತ ಮಕ್ಕಳು ತಂದೆತಾಯಿಗಳನ್ನು ಬಿಟ್ಟು ನಮ್ಮ ಗುಂಪಿಗೆ ಸೇರಿಕೊಂಡಿದ್ದರು. ನಾಲ್ಕು ಮಕ್ಕಳ ನಡುವೆ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತು, ಕೃಷ್ಣನ ತುಂಟತನಗಳನ್ನು ಅತ್ತೆಯವರು ಹೇಳುತ್ತಿದ್ದಾಗ ನೋವಿನ ನೆನಪು ಅವರಿಗೆ ಇದ್ದಂತೆ ಕಾಣಲಿಲ್ಲ.

ಮಗಳಿಗೆ ಹಿಡಿಸಿದ್ದು ಬೇರೆ. ಆರು ವರ್ಷದ ಅವಳು ಆನೆಯ ಪಟ್ಟಿಯನ್ನು ಬಹಳ ಹೊತ್ತು ನೋಡಿ, “ಅಮ್ಮ, ಇವೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದದ್ದೇ?” ಎಂದು ಕೇಳಿದಳು. ಅಚ್ಚಿಲ್ಲ, ಒಂದೊಂದನ್ನೂ ಉಳಿಯಿಂದ ಕೆತ್ತಿದ್ದಾರೆಂದೆನು. ಅವಳು ನಂಬಲಿಲ್ಲ. ಒಂದರ ಸೊಂಡಿಲನ್ನು ಮತ್ತೊಂದರ ಸೊಂಡಿಲಿನೊಡನೆ ಹೋಲಿಸಿ ನೋಡುತ್ತ ಹೋದಳು. ಒಂದು ಸೊಂಡಿಲು ಮಡಿಸಿದೆ, ಒಂದು ನೀಡಿದೆ, ಒಂದು ಹೆಜ್ಜೆ ಎತ್ತಿದೆ. ಹೋದ ವಾರ ಒಂದೇ ಅಚ್ಚಿನಿಂದ ಹನ್ನೆರಡು ಆನೆಗಳು ಬರುವುದನ್ನು ಕಂಡಿದ್ದ ಮಗುವಿಗೆ, ಇದು ಎಷ್ಟು ಕೆಲಸವೆಂಬುದು ನನ್ನ ವಿವರಣೆಯಿಲ್ಲದೆಯೇ ತಿಳಿಯಿತು. ಈ ಕಲ್ಲು ಬಳಪದ ಕಲ್ಲು. ಹೌದು, ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದಲೇ ಹೊಯ್ಸಳರ ರೂವಾರಿಗಳು ಒಡವೆಯ ಕುಸುರಿಯನ್ನು ಕಲ್ಲಿನಲ್ಲಿ ಮಾಡಲು ಸಾಧ್ಯವಾಯಿತು. ಮೃದುವಾದ ಕಲ್ಲೆಂದಮೇಲೆ ಮುಟ್ಟಿ ಸವರುವುದು ಅಪಚಾರವಷ್ಟೇ ಅಲ್ಲ, ಅಪಾಯ. ಅದನ್ನರಿಯದೆ ವಿಗ್ರಹಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಅಂದೂ ಕಂಡೆವು.

ಇನ್ನೊಂದು ಆಟವನ್ನೂ ಹೇಳಬೇಕು. ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮನದು ಹೆಚ್ಚು. ಕೆಲವೆಡೆ ಅವನ ಹೆಸರು ‘ಮಲ್ಲಿ’ ಎಂದು ಕುಗ್ಗಿ, ಕೆಲವೆಡೆ ‘ಮ’ ಎಂಬ ಒಂದಕ್ಷರವಾಗಿಯೇ ಉಳಿದಿದೆ. ಮಕ್ಕಳಿಬ್ಬರೂ ಪೀಠಗಳನ್ನೇ ನೋಡುತ್ತ ಅಕ್ಷರಗಳನ್ನು ಹುಡುಕಿದರು. ಹಳೆಯ ಲಿಪಿಯಾದರೂ ಒಂದೆರಡನ್ನು ಗುರುತಿಸಿ ಗೆದ್ದಂತೆ ಕೂಗಿದರು. ಏಳು ನೂರ ಐವತ್ತು ವರ್ಷಗಳ ಹಿಂದಿನವನೊಬ್ಬನ ಹೆಸರನ್ನು ಒಂದನೆಯ ತರಗತಿಯ ಹುಡುಗಿಯೊಬ್ಬಳು ಓದುವುದೆಂದರೆ ನಮ್ಮ ಭಾಷೆಯ ಭಾಗ್ಯವೇ ಸರಿ.

ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ತಲೆಯೆತ್ತಿದರೆ ಭುವನೇಶ್ವರಿಗಳು ಒಂದಕ್ಕಿಂತ ಒಂದು ಸೊಗಸು. ಬಾಳೆಯ ಮೂತಿಯು ಮೊಗ್ಗಾಗಿರುವುದರಿಂದ ಹಿಡಿದು ಅರಳುವವರೆಗಿನ ಒಂದೊಂದು ಅವಸ್ಥೆಯನ್ನೂ ಒಂದೊಂದರಲ್ಲಿ ಕಾಣಬಹುದು. ನಡುವಿನ ಗುಡಿಯ ಮೂಲ ಕೇಶವಮೂರ್ತಿಯು ಈಗಿಲ್ಲ. ಉತ್ತರದ ಗುಡಿಯಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ. ವೇಣುಗೋಪಾಲನ ಕಾಲಬಳಿ ಹಸುಗಳು ಕೊಳಲಿನ ನಾದಕ್ಕೆ ಕತ್ತೆತ್ತಿ ನಿಂತಿವೆ. ನಾವು ಜನಾರ್ದನನನ್ನು ನೋಡಿ ಬರುವಷ್ಟರಲ್ಲಿ ಅತ್ತೆಯವರು ಅಲ್ಲಿಯೇ ನಿಂತಿದ್ದರು. ಕೈಮುಗಿದಿದ್ದರೋ ಇಲ್ಲವೋ ನಾನು ನೋಡಲಿಲ್ಲ. ನೋಡುವುದು ಸರಿಯೆಂದೂ ತೋರಲಿಲ್ಲ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆನು. ಸ್ವಲ್ಪ ಹೊತ್ತಿನ ಮೇಲೆ ಬಂದು ಮೆಟ್ಟಿಲ ಮೇಲೆ ಕುಳಿತು, “ಒಂದು ದೀಪವಾದರೂ ಇದ್ದಿದ್ದರೆ” ಎಂದರು. ಅಷ್ಟೆ.

ಹೊರಗಿನ ಮರದ ನೆರಳಿನಲ್ಲಿ ಪುಳಿಯೋಗರೆಯನ್ನೂ ಮೊಸರನ್ನವನ್ನೂ ತಿಂದೆವು. ಗೃಹಸ್ಥರಿಗೆ ಉಪಯೋಗವಾಗಬಹುದಾದ ಒಂದು ಮಾತು: ಈ ಸ್ಥಳವನ್ನು ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರಗಳೊಡನೆ ಒಂದೇ ದಿನದಲ್ಲಿ ಸೇರಿಸಿ ಓಡಿಸುವ ಪ್ರವಾಸಗಳುಂಟು. ಇಲ್ಲಿ ಮುಕ್ಕಾಲು ಗಂಟೆ ಕೊಡುತ್ತಾರೆ. ನಾವು ಮೂರೂವರೆ ಗಂಟೆ ಇದ್ದೆವು, ಭಾರತದ ಗೋಡೆಯು ಅರ್ಧಕ್ಕೇ ನಿಂತಿತು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶಶುಲ್ಕವಿಲ್ಲ. ಚಳಿಗಾಲವಾದುದರಿಂದ ಕಲ್ಲು ಹಾಸು ಮಧ್ಯಾಹ್ನದಲ್ಲಿಯೂ ಬರಿಗಾಲನ್ನು ಸುಡಲಿಲ್ಲ. ಬೇಸಗೆಯಲ್ಲಿ ಬೆಳಗ್ಗೆಯೇ ಹೋಗುವುದು ಲೇಸು.

ಸೂರ್ಯನು ಇಳಿಮುಖವಾದಾಗ ತಿರುಮಕೂಡಲು ನರಸೀಪುರಕ್ಕೆ ಬಂದೆವು. ಸೋಮನಾಥಪುರದಿಂದ ಹೆಚ್ಚು ದೂರವಿಲ್ಲ. ಕಬಿನಿಯು ಕಾವೇರಿಯನ್ನು ಸೇರುವ ಸ್ಥಳವಿದು. ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕ ಹೆಚ್ಚೆಂದು ಅದರ ಅರ್ಥವಂತೆ. ದೀಪವೂ ಗಂಟೆಯೂ ತುಳಸಿಯೂ ಎಲ್ಲವೂ ಇದ್ದವು. ಅತ್ತೆಯವರು ತೀರ್ಥವನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸಂಗಮದ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ ಮಗನು, ದ್ರೌಪದಿಯ ಕಥೆ ಅರ್ಧಕ್ಕೆ ನಿಂತಿತು, ಮುಂದೇನಾಯಿತೆಂದು ಕೇಳಿದನು. ಗೋಡೆಯಿಲ್ಲದೆ ಹೇಗೆ ಹೇಳಲಿ ಎಂದು ಅತ್ತೆಯವರು ನಕ್ಕರು. ಯಜಮಾನರ ಕಡೆ ತಿರುಗಿ, ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಹೆಚ್ಚುವ ಮೊದಲು ಯಾವ ಭಾನುವಾರ ಬಿಡುವಿದೆಯೆಂದು ಕೇಳಿದರು.