ಮೈನಸ್ ಏಳು ಅಂಕದ ತಂಡ

ಅಂಕಪಟ್ಟಿಯ ಕೊನೆಯ ಸಾಲು ಹೀಗಿದೆ: ಆಡಿದ್ದು 34. ಗೆದ್ದಿದ್ದು 0. ಸಮ 2. ಸೋತಿದ್ದು 32. ಹೊಡೆದ ಗೋಲು 21. ಹೊಡೆಸಿಕೊಂಡ ಗೋಲು 245. ಅಂಕ ಮೈನಸ್ 7.

ಮೈನಸ್ ಅನ್ನೋದು ಅಚ್ಚಿನ ತಪ್ಪಲ್ಲ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಫುಟ್‌ಬಾಲ್ ಲೀಗ್‌ನಲ್ಲಿ 2018-19ರ ಸೀಸನ್ ಮುಗಿದಾಗ ಫೋರ್ಟ್ ವಿಲಿಯಂ ಅನ್ನೋ ತಂಡದ ಲೆಕ್ಕ ನಿಂತಿದ್ದೇ ಹಾಗೆ. ಗೆದ್ದರೆ 3 ಅಂಕ, ಸಮವಾದರೆ 1. ಎರಡು ಪಂದ್ಯ ಸಮ ಮಾಡಿ 2 ಅಂಕ ಗಳಿಸಿದ್ದರು. ಅರ್ಹತೆ ಇಲ್ಲದ ಆಟಗಾರನನ್ನು ಆಡಿಸಿದ್ದಕ್ಕೆ ಲೀಗ್‌ನವರು 9 ಅಂಕ ಕಿತ್ತುಕೊಂಡರು. ಎರಡರಲ್ಲಿ ಒಂಬತ್ತು ಕಳೆದರೆ ಉಳಿಯೋದು ಸಾಲವೇ.

ಜಿಲ್ಲೆಗಳಲ್ಲಿ ಕೂತು ಸುದ್ದಿ ಕಳಿಸೋ ನಮ್ಮಂಥವರಿಗೆ ಸ್ಕಾಟ್ಲೆಂಡಿನ ಈ ಊರಿನ ಜೊತೆ ಏನು ನಂಟು ಅಂತ ನೀವು ಕೇಳಬಹುದು. ನಂಟೇನೂ ಇಲ್ಲ. ಆದರೆ ಡಿಪ್ಲೊಮಾ ಮುಗಿಸಿ ಹತ್ತಾರು ವರ್ಷ ತಾಲೂಕು ಮೈದಾನಗಳ ಅಂಚಲ್ಲಿ ನಿಂತು ಕಬಡ್ಡಿ, ಖೋ-ಖೋ, ವಾಲಿಬಾಲ್ ಬರೆದವರು ನಾವು. ನಾವು ಕಳಿಸಿದ ವರದಿಯಲ್ಲಿ ಗೆದ್ದ ತಂಡದ ಹೆಸರು, ಬಹುಮಾನ ಕೊಟ್ಟ ಗಣ್ಯರ ಹೆಸರು ಅಚ್ಚಾಗುತ್ತೆ. ಸೋತ ತಂಡದ ಊರಿನ ಹೆಸರು ಡೆಸ್ಕಿನಲ್ಲೇ ಬಿದ್ದುಹೋಗುತ್ತೆ. ಹಾಗಾಗಿ ಸೋತ ತಂಡದ ಹೆಸರೇ ದೇಶಕ್ಕೆಲ್ಲ ಗೊತ್ತಾದ ಈ ಒಂದು ಸೀಸನ್ ನಮ್ಮನ್ನು ಹಿಡಿದು ನಿಲ್ಲಿಸಿತು.

ಮೊದಲು ಲೀಗ್ ಬಗ್ಗೆ ಹೇಳಿಬಿಡ್ತೀವಿ. ಹೈಲ್ಯಾಂಡ್ ಲೀಗ್ ಶುರುವಾದದ್ದು 1893ರಲ್ಲಿ, ಇನ್ವರ್ನೆಸ್‌ನಲ್ಲಿ. ಸೆಲ್ಟಿಕ್, ರೇಂಜರ್ಸ್ ಥರದ ದೊಡ್ಡ ತಂಡಗಳು ಇರೋದು ಮೇಲಿನ ಮೆಟ್ಟಿಲಲ್ಲಿ. ಇದು ಅಲ್ಲಿಂದ ಕೆಳಗೆ ಎಣಿಸಿದರೆ ಐದನೇ ಮೆಟ್ಟಿಲು. ಸ್ಕಾಟ್ಲೆಂಡಿನ ಉತ್ತರ ಭಾಗದ ಸಣ್ಣ ಪೇಟೆಗಳು, ಮೀನುಗಾರರ ಊರುಗಳು, ಹಳ್ಳಿಗಳು ಇಲ್ಲಿ ತಂಡ ಕಟ್ಟಿಕೊಂಡು ಆಡುತ್ತವೆ. ಇನ್ವರೂರಿ ಲೋಕೋ ವರ್ಕ್ಸ್ ಅಂತ ಒಂದು ತಂಡ ಇದೆ. ರೈಲ್ವೆ ಎಂಜಿನ್ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು, ಹೆಸರೂ ಹಾಗೇ ಉಳಿದಿದೆ. ಆಟಗಾರರಲ್ಲಿ ಹೆಚ್ಚಿನವರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು.

ಆ ಸೀಸನ್ನಿನಲ್ಲಿ 18 ತಂಡಗಳಿದ್ದವು. ಪ್ರತಿ ತಂಡ ಉಳಿದ ಹದಿನೇಳರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. ಅಲ್ಲಿಗೆ 34 ಪಂದ್ಯ.

ಫೋರ್ಟ್ ವಿಲಿಯಂ ಇರೋದು ಪಶ್ಚಿಮದ ಮೂಲೆಯಲ್ಲಿ. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, 1,345 ಮೀಟರ್. ಅದರ ಬುಡದಲ್ಲೇ ಊರು. ಇವರ ಮೈದಾನ ಕ್ಲಾಗನ್ ಪಾರ್ಕ್. ಮಳೆ ಜಾಸ್ತಿ. ಲೀಗ್‌ನ ಮುಕ್ಕಾಲು ಪಾಲು ತಂಡಗಳು ಪೂರ್ವ ಮತ್ತು ಈಶಾನ್ಯ ಕರಾವಳಿ ಕಡೆಯವು. ಉತ್ತರದ ತುದಿಯ ವಿಕ್ ಊರಿಗೆ ಇವರು ಆಡೋಕೆ ಹೋಗಬೇಕಂದರೆ ರಸ್ತೆಯಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಹೊರಟು, ಮಧ್ಯಾಹ್ನ ಆಡಿ, ಸೋತು, ರಾತ್ರಿ ಅಷ್ಟೇ ದೂರ ವಾಪಸ್ಸು.

ಇನ್ನೊಂದು ಕಷ್ಟ ಇದೆ. ಆ ಸೀಮೆಯಲ್ಲಿ ಹುಡುಗರ ಮೊದಲ ಆಸೆ ಫುಟ್‌ಬಾಲ್ ಅಲ್ಲ, ಶಿಂಟಿ. ಬಾಗಿದ ಕೋಲು ಹಿಡಿದು ಚೆಂಡು ಹೊಡೆಯೋ, ನೋಡೋಕೆ ಹಾಕಿ ಥರ ಕಾಣೋ ಹಳೇ ಆಟ. ಊರು ಸಣ್ಣದು, ಆಡೋ ಹುಡುಗರು ಇರೋದೇ ಇಷ್ಟು ಜನ. ಅವರಲ್ಲಿ ಗಟ್ಟಿಯಾದವರನ್ನು ಶಿಂಟಿ ತಂಡಗಳು ಎಳೆದುಕೊಂಡರೆ ಫುಟ್‌ಬಾಲಿಗೆ ಉಳಿದವರೇ ಗತಿ.

2018ರಲ್ಲಿ ಕ್ಲಬ್ಬಿನ ಆಡಳಿತ ಮಂಡಳಿಯವರು ಜವಾಬ್ದಾರಿ ಬಿಡ್ತೀವಿ ಅಂದರು. ಮುಂದೆ ನಡೆಸೋರು ಸಿಗದಿದ್ದರೆ ಕ್ಲಬ್ಬೇ ಮುಚ್ಚಿಹೋಗೋ ಸ್ಥಿತಿ. ಹೊಸಬರು ಮುಂದೆ ಬಂದರು, ತಂಡ ಉಳಿಯಿತು. ಆದರೆ ಉಳಿದ ತಂಡದ ಕೈಯಲ್ಲಿ ಆಟಗಾರರು ಕಡಿಮೆ, ದುಡ್ಡು ಕಡಿಮೆ. 245 ಗೋಲಿನ ಸೀಸನ್ ಶುರುವಾದದ್ದು ಇಲ್ಲಿಂದ.

245ನ್ನು 34ರಿಂದ ಭಾಗಿಸಿ ನೋಡಿ. ಪಂದ್ಯಕ್ಕೆ ಏಳು ಗೋಲಿಗಿಂತ ಹೆಚ್ಚು. ಗೋಲ್‌ಕೀಪರ್ ಒಬ್ಬ ಒಂದೂವರೆ ಗಂಟೆಯಲ್ಲಿ ಏಳು ಸಲ ಬಲೆಯೊಳಗಿಂದ ಚೆಂಡು ಎತ್ತಿ ನಡು ಮೈದಾನಕ್ಕೆ ಎಸೆಯಬೇಕು. ಮುಂದಿನ ಶನಿವಾರ ಮತ್ತೆ ಅದೇ.

ಆಗ ಬಂದರು ಪತ್ರಕರ್ತರು. ದೂರದ ದೊಡ್ಡ ಪೇಟೆಗಳಿಂದ ಕ್ಯಾಮೆರಾ ಬಂತು. ಬ್ರಿಟನ್ನಿನ ಅತಿ ಕೆಟ್ಟ ತಂಡ ಅನ್ನೋ ಪಟ್ಟ ಹಣೆಗೆ ಅಂಟಿತು. ಇಲ್ಲಿ ನಮಗೆ ನಮ್ಮದೇ ಕಸುಬು ಕಂಡಿತು. ಹಳ್ಳಿಗೆ ಚಾನೆಲ್ ವ್ಯಾನು ಯಾವಾಗ ಬರುತ್ತೆ ಅಂತ ನಿಮಗೆ ಗೊತ್ತೇ ಇದೆ. ಕೆರೆ ತುಂಬಿದಾಗ ಬರಲ್ಲ, ಕೋಡಿ ಒಡೆದಾಗ ಬರುತ್ತೆ. ಫೋರ್ಟ್ ವಿಲಿಯಂ ಪಂದ್ಯಕ್ಕೆ ಎರಡು ಗೋಲು ಅಂತರದಲ್ಲಿ ಸೋಲುತ್ತಾ ಇದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಗೋ ಹಾಗೆ ಸೋತಿದ್ದರಿಂದ ಸುದ್ದಿಯಾದರು.

ಆದರೆ ಸುದ್ದಿಯವರು ಹೆಚ್ಚು ಹೇಳದ ಒಂದು ಮಾತಿದೆ. ಈ ತಂಡ 34 ಪಂದ್ಯವನ್ನೂ ಆಡಿ ಮುಗಿಸಿತು. ನಡುವೆ ಕೈಚೆಲ್ಲಿ, ಇನ್ನು ಬರೋದಿಲ್ಲ ಅಂದಿದ್ದರೆ ಏನಾಗುತ್ತಿತ್ತು? ಇವರಿಗಾಗಿ ಕಾದಿದ್ದ ಮೈದಾನಗಳಲ್ಲಿ ಆಟವಿಲ್ಲ, ಬಾಗಿಲಲ್ಲಿ ಟಿಕೆಟ್ ದುಡ್ಡಿಲ್ಲ, 18 ತಂಡದ ಲೆಕ್ಕವೆಲ್ಲ ಅಡಿಮೇಲು. ಲೀಗ್ ಅಂದರೆ ಗೆಲ್ಲೋ ತಂಡ ಒಂದೇ ಅಲ್ಲ, ಸೋಲೋದಕ್ಕೂ ಸಮಯಕ್ಕೆ ಸರಿಯಾಗಿ ಬರೋ ತಂಡಗಳೂ ಬೇಕು. ಊರ ಜಾತ್ರೆ ಕುಸ್ತಿಯಲ್ಲಿ ಮೊದಲ ಸುತ್ತಿಗೇ ಬೆನ್ನು ಮಣ್ಣಿಗೆ ತಾಗಿಸಿಕೊಂಡು ಏಳುವ ಹುಡುಗರಿಲ್ಲದೆ ಕೊನೆಯ ಜೋಡಿ ಎಲ್ಲಿಂದ ಬರಬೇಕು?

ಈಗ ಅದೇ ಪಟ್ಟಿಯ ಮೊದಲ ಸಾಲು ನೋಡೋಣ. ಅಲ್ಲಿ ಕೋವ್ ರೇಂಜರ್ಸ್ ಇತ್ತು, ಅಬರ್ಡೀನ್ ನಗರದ ದಕ್ಷಿಣ ಅಂಚಿನ ತಂಡ. 1986ರಲ್ಲಿ ಹೈಲ್ಯಾಂಡ್ ಲೀಗ್ ಸೇರಿದವರು. 2018ರಲ್ಲಿ ಹೊಸ ಮೈದಾನ ಮಾಡಿಕೊಂಡಿದ್ದರು. ಇವರು ಚಾಂಪಿಯನ್ ಆದರು. ಆದರೆ ಅಷ್ಟಕ್ಕೇ ಮೇಲಿನ ಮೆಟ್ಟಿಲು ಸಿಗಲ್ಲ. 2014-15ಕ್ಕೆ ಮುಂಚೆ ಇಲ್ಲಿಂದ ಮೇಲೆ ಹೋಗೋಕೆ ಆಟದ ದಾರಿಯೇ ಇರಲಿಲ್ಲ. ಮೇಲೆ ಜಾಗ ಖಾಲಿಯಾದಾಗ ಅರ್ಜಿ ಹಾಕಿ, ಓಟು ಗಿಟ್ಟಿಸಿಕೊಂಡು ಹೋಗಬೇಕಿತ್ತು. ಆಮೇಲೆ ನಿಯಮ ಬದಲಾಯಿತು. ಉತ್ತರದ ಹೈಲ್ಯಾಂಡ್ ಲೀಗ್ ಗೆದ್ದವರು, ದಕ್ಷಿಣದ ಲೋಲ್ಯಾಂಡ್ ಲೀಗ್ ಗೆದ್ದವರು ಮೊದಲು ತಮ್ಮಲ್ಲೇ ಆಡಬೇಕು. ಅದರಲ್ಲಿ ಗೆದ್ದವರು ಮೇಲಿನ ವಿಭಾಗದ ಕೊನೆಯ ತಂಡವನ್ನು ಎರಡು ಪಂದ್ಯಗಳಲ್ಲಿ ಸೋಲಿಸಬೇಕು.

ಕೋವ್ ಮೊದಲು ಈಸ್ಟ್ ಕಿಲ್‌ಬ್ರೈಡ್ ತಂಡವನ್ನು ಸೋಲಿಸಿತು. ಆಮೇಲೆ ಎದುರಿಗೆ ಬಂದದ್ದು ಬೆರಿಕ್ ರೇಂಜರ್ಸ್. ಬೆರಿಕ್ ಊರಿರೋದು ಗಡಿಯಲ್ಲಿ, ಇಂಗ್ಲೆಂಡ್ ಬದಿಗೆ. ತಂಡ ಮಾತ್ರ ಸ್ಕಾಟ್ಲೆಂಡಿನ ಲೀಗ್‌ನಲ್ಲಿ 1950ರ ದಶಕದಿಂದ ಆಡಿಕೊಂಡು ಬಂದಿತ್ತು. 1967ರ ಜನವರಿ 28ರಂದು ಇದೇ ಪುಟ್ಟ ತಂಡ ಸ್ಕಾಟಿಷ್ ಕಪ್‌ನಲ್ಲಿ ಗ್ಲಾಸ್ಗೋದ ರೇಂಜರ್ಸ್ ತಂಡವನ್ನು 1-0ರಲ್ಲಿ ಸೋಲಿಸಿತ್ತು. ಬೆರಿಕ್‌ನ ಹಿರಿಯರಿಗೆ ಆ ತಾರೀಖು ನಮ್ಮ ಹಿರಿಯರಿಗೆ ಬರಗಾಲದ ವರ್ಷ ನೆನಪಿರೋ ಹಾಗೆ ನೆನಪಿರಬೇಕು.

2019ರ ಮೇ ತಿಂಗಳಲ್ಲಿ ಎರಡು ಪಂದ್ಯ ನಡೆದವು. ಕೋವ್ ಮೊದಲನೆಯದನ್ನು 4-0, ಎರಡನೆಯದನ್ನು 3-0 ಗೆದ್ದಿತು. ಬೆರಿಕ್‌ನ ಅರವತ್ತಕ್ಕೂ ಹೆಚ್ಚು ವರ್ಷದ ಜಾಗ ಅಲ್ಲಿಗೆ ಮುಗಿಯಿತು. ಕೋವ್ ಮುಂದಿನ ಸೀಸನ್ನಿನಲ್ಲೇ ಆ ವಿಭಾಗವನ್ನೂ ಗೆದ್ದು ಇನ್ನೊಂದು ಮೆಟ್ಟಿಲು ಹತ್ತಿತು, 2022ರಲ್ಲಿ ಮತ್ತೊಂದು.

ಒಂದೇ ಲೀಗ್, ಒಂದೇ ಸೀಸನ್. ಒಬ್ಬರು ಮೇಲೆ ಹೋದರು. ಅವರಿಗೆ ಜಾಗ ಬಿಟ್ಟು ಇನ್ನೊಬ್ಬರು ಕೆಳಗಿಳಿದರು. ಮೈನಸ್ ಏಳರಲ್ಲಿ ನಿಂತಿದ್ದ ಫೋರ್ಟ್ ವಿಲಿಯಂ ಮಾತ್ರ ಇದ್ದಲ್ಲೇ ಇತ್ತು, ಯಾಕಂದರೆ ಹೈಲ್ಯಾಂಡ್ ಲೀಗ್‌ನಿಂದ ಕೆಳಗೆ ತಳ್ಳೋ ನಿಯಮ ಆಗ ಜಾರಿಯಲ್ಲಿರಲಿಲ್ಲ. ಇದು ಅವರಿಗೆ ಸಿಕ್ಕ ರಿಯಾಯಿತಿ ಅಂತ ಕೆಲವರು ಅನ್ನಬಹುದು. ನಮಗೆ ಹಾಗನ್ನಿಸಲ್ಲ. ಬೀಳೋ ಭಯ ಇಲ್ಲ, ಏರೋ ಆಸೆ ಇಲ್ಲ. ಆಮೇಲೂ ಪ್ರತಿ ಶನಿವಾರ ಹನ್ನೊಂದು ಜನ ಮೈದಾನಕ್ಕೆ ಇಳಿಯಬೇಕಾದರೆ ಒಳಗೆ ಬೇರೆ ಏನೋ ಇರಬೇಕು. ಊರ ಹೆಸರು ಪಟ್ಟಿಯಿಂದ ಅಳಿಸಬಾರದು ಅನ್ನೋದೇ ಇರಬೇಕು.

2019ರ ಜುಲೈ 31. ನಾರ್ತ್ ಆಫ್ ಸ್ಕಾಟ್ಲೆಂಡ್ ಕಪ್‌ನಲ್ಲಿ ಫೋರ್ಟ್ ವಿಲಿಯಂ ಎದುರಿಗೆ ನೇರ್ನ್ ಕೌಂಟಿ. ಫಲಿತಾಂಶ 5-2, ಗೆದ್ದದ್ದು ಫೋರ್ಟ್ ವಿಲಿಯಂ. 840 ದಿನಗಳ ನಂತರದ ಮೊದಲ ಗೆಲುವು. ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು. ಅಷ್ಟು ದಿನದಲ್ಲಿ ಹುಟ್ಟಿದ ಮಗು ನಡೆಯೋದು ಕಲಿತು, ಮಾತು ಕಲಿತು, ಎದುರು ಮಾತಾಡೋದನ್ನೂ ಕಲಿತಿರುತ್ತೆ.

ಈ ಕಥೆಗೆ ಸಿನಿಮಾ ಥರದ ಕೊನೆ ಇಲ್ಲ. ಕೆಳಗೆ ತಳ್ಳೋ ನಿಯಮ ಜಾರಿಯಾದ ಮೇಲೆ, 2022ರಲ್ಲಿ ಫೋರ್ಟ್ ವಿಲಿಯಂ ಹೈಲ್ಯಾಂಡ್ ಲೀಗ್ ಬಿಡಬೇಕಾಯಿತು. ಅವರ ಜಾಗಕ್ಕೆ ಅಬರ್ಡೀನಿನ ಬ್ಯಾಂಕ್ಸ್ ಒ' ಡೀ ಬಂತು. ಫೋರ್ಟ್ ವಿಲಿಯಂ ಒಂದು ಮೆಟ್ಟಿಲು ಕೆಳಗಿನ ನಾರ್ತ್ ಕ್ಯಾಲಿಡೋನಿಯನ್ ಲೀಗ್‌ಗೆ ಹೋಯಿತು. ತಂಡ ಮುಚ್ಚಲಿಲ್ಲ, ಅಲ್ಲಿ ಆಡಿತು.

ಇದರಿಂದ ನಮ್ಮ ಕೆಲಸದಲ್ಲಿ ಏನಾಯಿತು ಅಂತ ಹೇಳಿದರೆ ದೊಡ್ಡ ಮಾತಾಗಲ್ಲ. ತಾಲೂಕು ಪಂದ್ಯದ ವರದಿ ಬರೆಯುವಾಗ ಸೋತ ತಂಡದ ಊರು, ನಾಯಕಿಯ ಹೆಸರು, ಅವರು ಗಳಿಸಿದ ಅಂಕ, ಮೂರನ್ನೂ ಎರಡನೇ ಸಾಲಿನಲ್ಲೇ ಹಾಕ್ತೀವಿ. ಕೊನೆಯ ಸಾಲಿನಲ್ಲಿ ಹಾಕಿದರೆ ಜಾಗ ಸಾಲದಾಗ ಮೊದಲು ಕತ್ತರಿ ಬೀಳೋದು ಅದಕ್ಕೇ. ಎರಡನೇ ಸಾಲು ಕತ್ತರಿಸೋಕೆ ಸ್ವಲ್ಪ ಯೋಚನೆ ಮಾಡಬೇಕಾಗುತ್ತೆ.

ಮೊನ್ನೆಯ ಹೋಬಳಿ ಮಟ್ಟದ ಖೋ-ಖೋದಲ್ಲಿ ಹೀಗೆ ಕಳಿಸಿದ ಎರಡನೇ ಸಾಲು ಹಾಗೇ ಅಚ್ಚಾಯಿತು. ಆ ಊರಿನ ಮೇಷ್ಟ್ರು ಫೋನ್ ಮಾಡಿ, ಪೇಪರಿನ ಐದು ಪ್ರತಿ ಎಲ್ಲಿ ಸಿಗುತ್ತೆ ಅಂತ ಕೇಳಿದರು.