ಆಲೋಚನೆಯನ್ನು ಕೇಳುವವರು

ಬ್ರಿಟನ್ನಿನ ನರ್ಸುಗಳು ಮೂರು ವರ್ಷಗಳಿಗೊಮ್ಮೆ ತಮ್ಮ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ಅದಕ್ಕಾಗಿ ಅವರು ತಮ್ಮ ಸೇವೆಯನ್ನು ಕುರಿತು ಐದು ಆತ್ಮಾವಲೋಕನದ ಬರಹಗಳನ್ನು ಸಿದ್ಧಪಡಿಸಿ, ಅದೇ ಮಂಡಳಿಯಲ್ಲಿ ನೋಂದಾಯಿತರಾದ ಇನ್ನೊಬ್ಬರೊಡನೆ ಚರ್ಚಿಸಬೇಕು. ಏನು ನಡೆಯಿತು, ಅದರಿಂದ ಕಲಿತುದೇನು, ಮುಂದೆ ಬದಲಿಸಿಕೊಳ್ಳುವುದೇನು: ಬರಹದ ಸಾರ ಇಷ್ಟೆ. ರೋಗಿಯ ಗುರುತು ಅದರಲ್ಲಿ ಬರಕೂಡದು.

ಶ್ರಾವಕರಿಗೆ ಇದು ತೀರ ಹೊಸತೆನಿಸದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಆಲೋಚನೆಯನ್ನೇ ಮೊದಲಿಗಿರಿಸಿದೆ. ಇಲ್ಲಿ ಆಲೋಚನೆಯೆಂದರೆ ಬರಿಯ ಚಿಂತನೆಯಲ್ಲ. ತನ್ನ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದು. ಹಾಗೆ ನಿವೇದಿಸುವಾಗ ಮನುಷ್ಯನು ಹೂಡುವ ಉಪಾಯಗಳನ್ನೂ ಪೂರ್ವಾಚಾರ್ಯರು ಹತ್ತು ದೋಷಗಳಾಗಿ ಎಣಿಸಿದ್ದಾರೆ. ಗುರುವಿನಲ್ಲಿ ಕನಿಕರ ಹುಟ್ಟಿಸಿ ಪ್ರಾಯಶ್ಚಿತ್ತವನ್ನು ಹಗುರ ಮಾಡಿಸಿಕೊಳ್ಳುವುದು. ಪರರ ಕಣ್ಣಿಗೆ ಬಿದ್ದುದನ್ನು ಮಾತ್ರ ಹೇಳುವುದು. ದೊಡ್ಡದನ್ನು ಬಚ್ಚಿಟ್ಟು ಸಣ್ಣದನ್ನು ಒಪ್ಪಿಸುವುದು. ಗದ್ದಲದ ನಡುವೆ ಗೊಣಗಿ ಮುಗಿಸುವುದು. ಲೆಕ್ಕಪರಿಶೋಧಕರ ಮುಂದೆ ಕುಳಿತ ವರ್ತಕನಿಗೂ ಇವು ಅಪರಿಚಿತವಲ್ಲ!

ವಾರ್ಡಿನ ಹಿರಿಯ ನರ್ಸಿನ ಮುಂದೆಯೂ ಇಂಥ ಬರಹಗಳೇ ಬರಬಹುದು. ರಾತ್ರಿಪಾಳಿಯಲ್ಲಿ ಔಷಧ ಕೊಡಲು ಮರೆತವಳು ಅದನ್ನು ಬಿಟ್ಟು, ಹಾಸಿಗೆ ಬದಲಿಸುವುದು ತಡವಾಯಿತೆಂದು ಬರೆಯುತ್ತಾಳೆ. ಅವಳು ಕಪಟಿಯೆಂದಲ್ಲ. ಪಾಳಿ ಹಂಚುವವರೂ ಬಡ್ತಿಗೆ ಶಿಫಾರಸು ಮಾಡುವವರೂ ಆಲೋಚನೆಯನ್ನು ಕೇಳುವವರೂ ಒಬ್ಬರೇ ಆದಾಗ ಬಾಯಿ ತೆರೆಯಲು ಯಾರಿಗಾದರೂ ಅಂಜಿಕೆಯೇ.

ಆದುದರಿಂದಲೇ ಭಗವತೀ ಆರಾಧನೆಯು ಹೇಳುವವನ ಜೊತೆಗೆ ಕೇಳುವವನನ್ನೂ ಪರೀಕ್ಷಿಸುತ್ತದೆ. ಆಚಾರ್ಯನು ಅಪರಿಸ್ರಾವಿಯಾಗಿರಬೇಕು, ಎಂದರೆ ಕೇಳಿದ್ದು ಅವನಿಂದ ಹೊರಗೆ ಸೋರಬಾರದು. ಮೃದುವಾಗಿದ್ದರಷ್ಟೇ ಸಾಲದು, ಒಳಗೆ ನಾಟಿದ ಶಲ್ಯವನ್ನು ಹೊರಗೆ ಬರಿಸುವ ದೃಢತೆಯೂ ಬೇಕು. ಈ ಎರಡನೆಯದನ್ನು ದಯೆಯ ಹೆಸರಿನಲ್ಲಿ ಮರೆಯುವ ಹಿರಿಯರೇ ಹೆಚ್ಚು.

ಇಂಗ್ಲೆಂಡಿನಲ್ಲಿ 2021ರಿಂದ ಕೆಲವು ನರ್ಸುಗಳಿಗೆ ಸಹೋದ್ಯೋಗಿಗಳ ಮನದ ಭಾರವನ್ನು ಆಲಿಸುವ ವಿಶೇಷ ತರಬೇತಿ ನೀಡಲಾಗುತ್ತಿದೆ. ಅವರ ಮುಂದಿನ ಮಾತುಕತೆ ಕೆಲಸದ ಮೌಲ್ಯಮಾಪನವಲ್ಲ. ದೋಷದ ತನಿಖೆಗಾಗಿ ಯಾರ ಖಾಸಗಿ ಆತ್ಮಾವಲೋಕನದ ಟಿಪ್ಪಣಿಯನ್ನೂ ಕೇಳುವುದಿಲ್ಲವೆಂದು ಅಲ್ಲಿನ ಆರೋಗ್ಯವೃತ್ತಿಗಳ ನಿಯಂತ್ರಣ ಸಂಸ್ಥೆಗಳು 2019ರಲ್ಲಿ ಒಟ್ಟಾಗಿ ಸಾರಿದವು. ನ್ಯಾಯಾಲಯಕ್ಕೆ ಆ ಕಟ್ಟು ಅನ್ವಯಿಸದು. ಆದುದರಿಂದ ಅಂಜಿಕೆ ಪೂರ್ತಿ ಅಳಿದಿಲ್ಲ.

ಸಮಯದ ಮಾತು ಬೇರೆ. ಸಿಬ್ಬಂದಿ ಸಾಲದ ದಿನ ಮೊದಲು ಕೈಬಿಡುವುದು ಈ ಅರ್ಧ ಗಂಟೆಯನ್ನೇ. ಬಾಗಿಲು ಮುಚ್ಚಿ, ಫೋನು ಬದಿಗಿರಿಸಿ, ಪಾಳಿಯ ಅವಧಿಯೊಳಗೇ ಕುಳಿತು ಕೇಳುವ ಹಿರಿಯರಿರುವಲ್ಲಿ, ಹಾಸಿಗೆಯ ಕಥೆ ಮುಗಿದ ಬಳಿಕ ಔಷಧದ ಮಾತೂ ಬರುತ್ತದೆ.